ನಂಬಿಕೆಗೊಂದು ಮೂಗಿನ ಮದ್ದು?

ತರಗತಿಯಲ್ಲಿ ಎದ್ದು ನಿಂತು ನಾಲ್ಕು ಮಾತಾಡಬೇಕೆಂದರೆ ಕೆಲವು ಮಕ್ಕಳಿಗೆ ಗಂಟಲ ಪಸೆಯೇ ಆರುತ್ತದೆ. ಅಂಗೈ ಬೆವರುತ್ತದೆ, ಗೊತ್ತಿದ್ದ ಉತ್ತರವೂ ಮರೆತುಹೋಗುತ್ತದೆ. 'ನಾಚಿಕೆ ಸ್ವಭಾವ, ದೊಡ್ಡವನಾದರೆ ಸರಿಹೋಗುತ್ತಾನೆ' ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುವುದುಂಟು. ಎಷ್ಟೋ ಸಲ ಹಾಗೇ ಆಗುತ್ತದೆ ಕೂಡ. ಆದರೆ ಭಯ ಬೇರೂರಿ ಶಾಲೆಯನ್ನೇ ಬಿಡಿಸುವಂತಾದರೆ ಅದು ಸಾಮಾಜಿಕ ಆತಂಕವೆಂಬ ಕಾಯಿಲೆ. ಇದಕ್ಕೆ ಮಾತೇ ಮುಖ್ಯ ಮದ್ದು. ಚಿಕಿತ್ಸಕರು ಮಾತಾಡಿಸುತ್ತಾ, ಹೆದರಿಸುವ ಸಂದರ್ಭವನ್ನೇ ಸ್ವಲ್ಪಸ್ವಲ್ಪವಾಗಿ ಎದುರಿಸುವಂತೆ ಮಾಡುತ್ತಾರೆ. ಎದುರು ಕುಳಿತವರ ಮೇಲೆ ನಂಬಿಕೆ ಹುಟ್ಟದಿದ್ದರೆ ಈ ಬಂಡಿ ಮುಂದೆ ಸಾಗದು.

ಆ ನಂಬಿಕೆಯನ್ನೇ ಔಷಧಿಯಿಂದ ತರಿಸಬಹುದೇ? ಈ ಆಸೆ ಹುಟ್ಟಿಸಿದ್ದು ಆಕ್ಸಿಟೋಸಿನ್. ಹಾಲಿಳಿಸಲು ಎಮ್ಮೆಗೆ ಚುಚ್ಚುವ ಸೂಜಿಮದ್ದೆಂದೇ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಕುಖ್ಯಾತಿ. ನಿಜದಲ್ಲಿ ಅದು ಮಿದುಳಿನಲ್ಲಿ ತಯಾರಾಗುವ, ಒಂಬತ್ತೇ ಅಮೈನೊ ಆಮ್ಲಗಳ ಪುಟ್ಟ ಹಾರ್ಮೋನು. ಹೆರಿಗೆಯಲ್ಲಿ ಗರ್ಭಕೋಶವನ್ನು ಸಂಕುಚಿಸುವುದು, ತಾಯಿಯ ಎದೆಹಾಲು ಹರಿಸುವುದು ಅದರ ಕೆಲಸ. 1953ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೊ 1955ರಲ್ಲಿ ನೊಬೆಲ್ ಪಡೆದರು. ತಾಯಿ-ಮರಿಗಳ, ಗಂಡು-ಹೆಣ್ಣುಗಳ ಬೆಸುಗೆಯಲ್ಲೂ ಅದರ ಕೈವಾಡವಿದೆಯೆಂಬುದು ಪ್ರಾಣಿಗಳಲ್ಲಿ ಕಂಡುಬಂತು. 2005ರಲ್ಲಿ ಜ್ಯೂರಿಕ್‌ನ ಪ್ರಯೋಗವೊಂದರಲ್ಲಿ, ಇದನ್ನು ಮೂಗಿಗೆ ಸಿಂಪಡಿಸಿಕೊಂಡವರು ಅಪರಿಚಿತರನ್ನು ನಂಬಿ ಹೆಚ್ಚು ಹಣ ಒಪ್ಪಿಸಿದರು. 'ನಂಬಿಕೆಯ ಹಾರ್ಮೋನು' ಎಂಬ ಬಿರುದು ಕೂಡಲೇ ಅಂಟಿಕೊಂಡಿತು. ಅವಸರದ ಬಿರುದು! ಮುಂದಿನ ಪ್ರಯೋಗಗಳಲ್ಲಿ ಅದೇ ಫಲ ಮತ್ತೆ ಸ್ಥಿರವಾಗಿ ಸಿಗಲಿಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ಏನಾಯಿತು? 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ ಸಾಮಾಜಿಕ ಆತಂಕವಿದ್ದ 25 ಜನರಿದ್ದರು. ಕೆಲವರಿಗೆ ಹಾರ್ಮೋನು, ಉಳಿದವರಿಗೆ ಹುಸಿಮದ್ದು. ಹಾರ್ಮೋನು ಪಡೆದವರಿಗೆ ತಮ್ಮ ಭಾಷಣದ ಬಗ್ಗೆ ತಮಗೇ ಒಳ್ಳೆಯ ಅಭಿಪ್ರಾಯ ಮೂಡಿತು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಕಥೆ ತಿರುಗುಮುರುಗು. ಜೇಡ ಕಂಡರೆ ನಡುಗುವವರಿಗೆ ಚಿಕಿತ್ಸೆಗೆ ಮುಂಚೆ ಇದನ್ನು ಕೊಟ್ಟಾಗ ಗುಣವಾಗುವುದಕ್ಕೇ ಅಡ್ಡಿಯಾಯಿತು.

ಈ ಹಾರ್ಮೋನು ಪ್ರೀತಿಯನ್ನು ಸುರಿಯುವುದಿಲ್ಲ, ಎದುರಿಗಿರುವವರ ಮುಖಭಾವದತ್ತ ಗಮನವನ್ನು ಚುರುಕುಗೊಳಿಸುತ್ತದೆ ಎಂಬುದು ಒಂದು ವಿವರಣೆ. ಹಾಗಿದ್ದರೆ ನಗುವ ಮುಖ ಇನ್ನಷ್ಟು ಹತ್ತಿರವಾದೀತು, ಗದರುವ ಮುಖ ಇನ್ನಷ್ಟು ಚುಚ್ಚೀತು. ಎಲ್ಲರ ಮುಖದಲ್ಲೂ ಅಪಹಾಸ್ಯವನ್ನೇ ಕಾಣುವ ಹುಡುಗನಿಗೆ ಅಂಗಡಿಯಿಂದ ಇಂಥ ಸೀಸೆ ತಂದುಕೊಡುವುದು ಯಾವ ಜಾಣತನ?

ಅಂದಹಾಗೆ ಆಸ್ಟ್ರೇಲಿಯದ ಅಧ್ಯಯನದಲ್ಲಿ ಕೊನೆಗೆ ಕಾಯಿಲೆಯ ಲಕ್ಷಣಗಳನ್ನು ಅಳೆದು ನೋಡಿದಾಗ, ಹುಸಿಮದ್ದು ಪಡೆದು ಚಿಕಿತ್ಸೆಗೆ ಕುಳಿತವರ ಭಯವೂ ಹಾರ್ಮೋನು ಪಡೆದವರಷ್ಟೇ ಇಳಿದಿತ್ತು.