ಐದು ವ್ಯಾಟ್ ಅಂದ್ರೆ ಐದೇನಾ?

ಹೋದ ವರ್ಷದ ಸಂಚಿಕೆಯಲ್ಲಿ ನಾನು ತಿಪಟೂರಿನಲ್ಲಿ ಕಳೆದ ರಜೆಯ ಬಗ್ಗೆ ಬರೆದಿದ್ದೆ. ಈ ಸಲ ರೇಡಿಯೋ ಬಗ್ಗೆ ಬರೀತೀನಿ ಅಂದಾಗ ಅಮ್ಮ, "ಅದನ್ನ ಯಾರು ಓದ್ತಾರೆ?" ಅಂದ್ರು. ನೀವು ಓದ್ತೀರ ಅಂತ ನಂಬಿಕೊಂಡು ಬರೀತಿದ್ದೀನಿ. ಇದರಲ್ಲಿ ಸ್ವಲ್ಪ ಲೆಕ್ಕ ಇದೆ, ಒಂದು ಜಗಳವೂ ಇದೆ.

ನಾನು ಹ್ಯಾಮ್. ಅಂದ್ರೆ ಹವ್ಯಾಸಿ ರೇಡಿಯೋ ಪರವಾನಗಿ ಇರೋಳು. ಅಮೆರಿಕದಲ್ಲಿ ಮೊದಲ ಹಂತದ ಪರೀಕ್ಷೆಗೆ 35 ಪ್ರಶ್ನೆ, 26 ಸರಿ ಆದರೆ ಪಾಸ್. ವಯಸ್ಸಿನ ಮಿತಿ ಇಲ್ಲ, ಆದ್ದರಿಂದ ನಿಮ್ಮಲ್ಲಿ ಯಾರು ಬೇಕಾದರೂ ಬರೆಯಬಹುದು. ಫೋನು, ಇಂಟರ್ನೆಟ್ ಯಾವುದೂ ಇಲ್ಲದೆ ಒಂದು ತಂತಿ, ಒಂದು ಬ್ಯಾಟರಿ ಇಟ್ಟುಕೊಂಡು ಎಷ್ಟೋ ರಾಜ್ಯಗಳಾಚೆ ಇರುವವರ ಜೊತೆ ಮಾತಾಡೋದು ಎಂಥಾ ಮಜಾ ಅಂತ ಬರೆದು ತಿಳಿಸೋಕೆ ಆಗಲ್ಲ.

ಪ್ರತಿ ವರ್ಷ ಜೂನ್ ತಿಂಗಳ ನಾಲ್ಕನೇ ವಾರಾಂತ್ಯದಲ್ಲಿ ಇಲ್ಲಿ ಫೀಲ್ಡ್ ಡೇ ನಡೆಯುತ್ತೆ. 1933ರಿಂದ ನಡೆದುಬಂದಿರೋ ಹಬ್ಬ ಅದು. ಹ್ಯಾಮ್‌ಗಳೆಲ್ಲ ಪಾರ್ಕು, ಬಯಲು ಅಂತ ಹೊರಗೆ ಹೋಗಿ ಟೆಂಟ್ ಹಾಕಿ, ಮರಕ್ಕೆ ಆಂಟೆನಾ ಕಟ್ಟಿ, ಆದಷ್ಟು ಜನರನ್ನ ಸಂಪರ್ಕ ಮಾಡ್ತಾರೆ. ಕಪ್ಪು, ಪದಕ ಏನೂ ಇಲ್ಲ. ಆದರೂ ಎಲ್ಲರ ಅಂಕಗಳೂ ಪ್ರಕಟವಾಗುತ್ತವೆ, ಅದನ್ನ ಎಲ್ಲರೂ ಕದ್ದು ನೋಡ್ತಾರೆ!

ಅಂಕದ ಲೆಕ್ಕ ಹೀಗೆ. ಮೋರ್ಸ್ ಕೋಡ್‌ನಲ್ಲಿ ಮಾಡಿದ ಒಂದು ಸಂಪರ್ಕಕ್ಕೆ 2 ಅಂಕ. ಬಂದ ಒಟ್ಟು ಅಂಕವನ್ನ ನಿಮ್ಮ ರೇಡಿಯೋ ಎಷ್ಟು ಪವರ್ ಕಳಿಸ್ತಿತ್ತು ಅನ್ನೋದರ ಮೇಲೆ ಗುಣಿಸಬೇಕು. 100 ವ್ಯಾಟ್‌ವರೆಗೆ ಇದ್ದರೆ 2ರಿಂದ. ಬ್ಯಾಟರಿ ಅಥವಾ ಸೋಲಾರ್‌ನಲ್ಲಿ 5 ವ್ಯಾಟ್‌ಗೆ ಮೀರದೆ ಓಡಿಸಿದರೆ 5ರಿಂದ. ಕಡಿಮೆ ಪವರ್‌ನಲ್ಲಿ ಕಷ್ಟಪಡೋರಿಗೆ ಹೆಚ್ಚು ಮರ್ಯಾದೆ ಅಂತ ಇಟ್ಟುಕೊಳ್ಳಿ. ಆದರೆ ತಂಡದಲ್ಲಿ ಒಂದೇ ಒಂದು ರೇಡಿಯೋ 5 ದಾಟಿದರೂ ಇಡೀ ತಂಡಕ್ಕೆ 2.

ನಮ್ಮದು ಚಿಕ್ಕ ತಂಡ. ನಾನು, ನನ್ನ ಗೆಳತಿ, ಮತ್ತೆ 70 ದಾಟಿದ ಒಬ್ಬರು ಹಿರಿಯರು. ನಮಗೆ ಮೋರ್ಸ್ ಕಲಿಸಿದವರು ಅವರೇ. ರಾತ್ರಿ ಎರಡು ಗಂಟೆಗೆ ಸೊಳ್ಳೆ ಹೊಡೆದುಕೊಳ್ತಾ, ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ತಿನ್ನುತ್ತಾ 40 ಮೀಟರ್ ಬ್ಯಾಂಡ್‌ನಲ್ಲಿ ಕೂತಿದ್ವಿ. ಒಟ್ಟು 210 ಸಂಪರ್ಕ. 420 ಅಂಕ, ಗುಣಿಸು 5, ಅಂದ್ರೆ 2100! ಗೆಳತಿ ಕುಣಿದೇ ಬಿಟ್ಟಳು.

ಶುರು ಮಾಡೋ ಮುಂಚೆ ಪವರ್ ಅಳೆದಿದ್ದು ನಾನೇ. ಹಿರಿಯರ ಹತ್ತಿರ ಮುಳ್ಳು ಓಡಾಡೋ ಒಂದು ಮೀಟರ್ ಇತ್ತು. ಅದರ 30 ವ್ಯಾಟ್‌ನ ಅಳತೆಯಲ್ಲಿ ಮುಳ್ಳು 5ರ ಹತ್ತಿರ ನಿಂತಿತು. ನಾನು ನೋಟ್‌ಬುಕ್‌ನಲ್ಲಿ "5" ಅಂತ ಬರೆದೆ.

ಜುಲೈನಲ್ಲಿ ಬೇಜಾರಾಗಿ ಕೂತಿದ್ದಾಗ ಆ ಮೀಟರ್‌ನ ಕೈಪಿಡಿ ಓದಿದೆ. ತಪ್ಪು ಶೇಕಡಾ 10ರೊಳಗೆ ಅಂತ ಇತ್ತು. ಪರವಾಗಿಲ್ಲ, 5ರಲ್ಲಿ ಅರ್ಧ ವ್ಯಾಟ್ ಅಂದುಕೊಂಡೆ. ಅಲ್ಲ! ಅದು ಅಳತೆಯ ಪೂರ್ತಿ ಉದ್ದದ ಮೇಲಿನ 10. 30 ವ್ಯಾಟ್‌ನಲ್ಲಿ 3 ವ್ಯಾಟ್. ಮುಳ್ಳು 5 ತೋರಿಸಿದಾಗ ನಿಜವಾದ ಪವರ್ 2 ಇರಬಹುದು, 8ರ ತನಕವೂ ಇರಬಹುದು.

ವಾರಕ್ಕೊಮ್ಮೆ ತಾತನ ಜೊತೆ ವಿಡಿಯೋ ಕಾಲ್ ಇರುತ್ತೆ. ಅವರಿಗೆ ತಿಪಟೂರಿನಲ್ಲಿ ದಿನಸಿ ಅಂಗಡಿ ಇತ್ತು. ಕಥೆ ಕೇಳಿ ನಕ್ಕುಬಿಟ್ಟರು. "ಕೊಬ್ಬರಿ ಮೂಟೆ ತೂಗೋ ತಕ್ಕಡೀಲಿ ಏಲಕ್ಕಿ ತೂಗಿದ್ದೀಯಲ್ಲೇ ಪುಟ್ಟಿ!"

ಸರಿ, ಏಲಕ್ಕಿ ತಕ್ಕಡಿ ಮಾಡೋಣ ಅಂತ ಅಪ್ಪನ ಜೊತೆ ಕೂತೆ. ಮೊದಲು ಡಮ್ಮಿ ಲೋಡ್. ಆಂಟೆನಾ ಬದಲು ರೇಡಿಯೋಗೆ ಇದನ್ನ ಜೋಡಿಸಿದರೆ ಪವರ್ ಎಲ್ಲ ಗಾಳಿಗೆ ಹೋಗದೆ ಶಾಖವಾಗುತ್ತೆ. ರೇಡಿಯೋಗೆ ಬೇಕಾಗಿದ್ದು 50 ಓಮ್. ನಾವು 1000 ಓಮ್‌ನ 20 ರೆಸಿಸ್ಟರ್‌ಗಳನ್ನ ಪಕ್ಕಪಕ್ಕ ಬೆಸುಗೆ ಹಾಕಿದ್ವಿ. 1000 ಭಾಗಿಸು 20, 50 ಬಂತು. (ತಂತಿ ಸುತ್ತಿದ ರೆಸಿಸ್ಟರ್ ತರಬೇಡಿ. ಅದು ಇಲ್ಲಿ ಸುರುಳಿಯ ಥರಾನೂ ಕೆಲಸ ಮಾಡಿ ಲೆಕ್ಕ ಕೆಡಿಸುತ್ತೆ.) ಮಲ್ಟಿಮೀಟರ್ ಇಟ್ಟು ನೋಡಿದರೆ 52.6! ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಅಪ್ಪ 1000ವನ್ನ 19ರಿಂದ ಭಾಗಿಸಿ ನೋಡಿದರು. ಒಂದು ರೆಸಿಸ್ಟರ್‌ನ ಬೆಸುಗೆ ಅಂಟಿರಲೇ ಇಲ್ಲ. ಅದು ನಾನು ಹಾಕಿದ್ದು ಅಂತ ಬೇರೆ ಹೇಳಬೇಕಾ?

ಆಮೇಲೆ ಒಂದು ಡಯೋಡ್, ಒಂದು ಕೆಪ್ಯಾಸಿಟರ್. ರೇಡಿಯೋ ಅಲೆ ಸೆಕೆಂಡಿಗೆ 70 ಲಕ್ಷ ಸಲ ಏರಿ ಇಳಿಯುತ್ತೆ, ಸಾದಾ ಮಲ್ಟಿಮೀಟರ್‌ಗೆ ಅದು ಸಿಕ್ಕಲ್ಲ. ಡಯೋಡ್ ಅಲೆಯ ತುದಿಯನ್ನ ಮಾತ್ರ ಬಿಡುತ್ತೆ, ಕೆಪ್ಯಾಸಿಟರ್ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಆಗ ಮಲ್ಟಿಮೀಟರ್ ಬ್ಯಾಟರಿ ಅಳೆದ ಹಾಗೆ ಆರಾಮಾಗಿ ಅಳೆಯುತ್ತೆ. ಡಯೋಡ್ ಮಾತ್ರ ಮಂಡಿ ದಲ್ಲಾಳಿ ಥರ, ಸುಮಾರು 0.6 ವೋಲ್ಟ್ ತನ್ನ ಪಾಲಿಗೆ ಇಟ್ಟುಕೊಳ್ಳುತ್ತೆ. ಅದನ್ನ ನಾವೇ ವಾಪಸ್ ಸೇರಿಸಬೇಕು. ಬಂದ ತುದಿ ವೋಲ್ಟನ್ನ ಅದರಿಂದಲೇ ಗುಣಿಸಿ, 50 ಓಮ್‌ನ ಎರಡರಷ್ಟು, ಅಂದ್ರೆ 100ರಿಂದ ಭಾಗಿಸಿದರೆ ವ್ಯಾಟ್.

ಮೋರ್ಸ್ ಕೀಲಿ ಒತ್ತಿ ಹಿಡಿದೆ. ಮಾತಾಡಿ ಅಳೆಯೋಕೆ ಹೋಗಬೇಡಿ, ಮಾತಿನ ಜೊತೆ ಪವರ್ ಏರಿಳಿದು ಸಾದಾ ಮೀಟರ್ ಕಮ್ಮಿ ತೋರಿಸುತ್ತೆ. ಮಲ್ಟಿಮೀಟರ್‌ನಲ್ಲಿ ಬಂದಿದ್ದು 24.6. ದಲ್ಲಾಳಿಯ 0.6 ಸೇರಿಸಿ 25.2. ಗುಣಿಸಿ, ಭಾಗಿಸಿ ಬಂದಿದ್ದು 6.35 ವ್ಯಾಟ್.

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು.

ಆಮೇಲೆ ಒಂದು ಆಸೆ ಹುಟ್ಟಿತು. ಮನೆಯಲ್ಲಿ ಅಡಾಪ್ಟರ್‌ನಿಂದ 13.8 ವೋಲ್ಟ್ ಕೊಟ್ಟಿದ್ದೆ, ಪಾರ್ಕ್‌ನಲ್ಲಿ ಇದ್ದಿದ್ದು ಬ್ಯಾಟರಿ. ನನ್ನ ರೇಡಿಯೋ ತುಂಬಾ ಸರಳವಾದದ್ದು, ವೋಲ್ಟ್ ಇಳಿದರೆ ಅದರ ಪವರೂ ಇಳಿಯುತ್ತೆ. ಅದೇ ಬ್ಯಾಟರಿ ಹುಡುಕಿ ತಂದು ಮತ್ತೆ ಅಳೆದೆ. ಬ್ಯಾಟರಿ 13.0 ವೋಲ್ಟ್ ಇತ್ತು. ಮಲ್ಟಿಮೀಟರ್ 23.1 ತೋರಿಸಿತು. 0.6 ಸೇರಿಸಿ 23.7, ಅಂದ್ರೆ 5.62 ವ್ಯಾಟ್.

"ತಕ್ಕಡಿ ಆಯ್ತು, ತೂಕದ ಕಲ್ಲು ಸರಿ ಇದೆಯಾ?" ಅಂತ ತಾತ ಕೇಳಿದ್ರು. ಅವರ ಕಾಲದಲ್ಲಿ ಸರ್ಕಾರದವರು ಬಂದು ಕಲ್ಲುಗಳನ್ನ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದರಂತೆ. ಪಕ್ಕದ ಮನೆಯಿಂದ ಇನ್ನೊಂದು ಮಲ್ಟಿಮೀಟರ್ ತಂದು ನೋಡಿದೆ. ಅದೂ ಹೆಚ್ಚುಕಮ್ಮಿ ಅಷ್ಟೇ ಹೇಳಿತು.

ಈಗ ಜಗಳ. ಗೆಳತಿಗೆ ಹೇಳಿದೆ. ಅವಳು, "ಅರ್ಧ ವ್ಯಾಟ್‌ಗೆ ಯಾರಿಗಾದರೂ ನಮ್ಮ ಸದ್ದು ಜೋರಾಗಿ ಕೇಳಿಸ್ತಾ?" ಅಂದಳು. ಅವಳ ಮಾತು ಸರೀನೇ. ಎದುರಿನವರ ರೇಡಿಯೋದ ಸಿಗ್ನಲ್ ಮೀಟರ್ ಒಂದು ಅಂಕಿ ಏರಬೇಕು ಅಂದ್ರೆ ಪವರ್ ನಾಲ್ಕರಷ್ಟು ಆಗಬೇಕು. 5ಕ್ಕೂ 5.62ಕ್ಕೂ ಇರೋ ವ್ಯತ್ಯಾಸ ಭೂಮಿ ಮೇಲೆ ಯಾರ ಕಿವಿಗೂ ಗೊತ್ತಾಗಲ್ಲ. ಅಪ್ಪನೂ, "ನಿನ್ನ ಅಳತೆಯಲ್ಲೂ ಸ್ವಲ್ಪ ತಪ್ಪು ಇರುತ್ತಲ್ವಾ" ಅಂದ್ರು. ಇರುತ್ತೆ. ಆದರೆ ಅದನ್ನ 5ಕ್ಕೆ ಇಳಿಸೋವಷ್ಟು ತಪ್ಪು ಹುಡುಕೋಕೆ ನಾನು ಎರಡು ದಿನ ಕೂತಿದ್ದೆ, ಸಿಗಲಿಲ್ಲ. ಹುಡುಕ್ತಾ ಇದ್ದಾಗಲೇ ನನಗೆ ನನ್ನ ಮೇಲೆ ನಾಚಿಕೆ ಆಗ್ತಿತ್ತು. ಮುಳ್ಳು 5 ತೋರಿಸಿದಾಗ ನಾನೇನು ಎರಡು ದಿನ ಕೂತು ತಪ್ಪು ಹುಡುಕಿದ್ನಾ?

ಲೆಕ್ಕ ಕಳಿಸೋಕೆ ಇನ್ನೂ ಒಂದು ವಾರ ಇತ್ತು. ಹಿರಿಯರ ಮನೆಗೆ ಹೋಗಿ ನೋಟ್‌ಬುಕ್ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನನ್ನ ಲೆಕ್ಕವನ್ನೆಲ್ಲ ಮೊದಲಿಂದ ತಾವೇ ಮಾಡಿದರು. ತುಂಬಾ ಹೊತ್ತು ಮಾತಾಡಲಿಲ್ಲ. ಬೈತಾರೆ ಅಂದುಕೊಂಡೆ. "ಮೀಟರ್ ನನ್ನದು, ಕೈಪಿಡಿ ನಾನು ಓದಬೇಕಿತ್ತು," ಅಂದ್ರು. ಆಮೇಲೆ ಪೆನ್ಸಿಲ್ ತಗೊಂಡು 5ನ್ನ ಹೊಡೆದು 2 ಬರೆದರು. 2100 ಹೋಗಿ 840 ಆಯ್ತು.

ಗೆಳತಿ ಎರಡು ವಾರ ನನ್ನ ಜೊತೆ ಮಾತು ಬಿಟ್ಟಳು. ಅವಳ ಕೋಪ ತಪ್ಪು ಅಂತ ನಾನು ಹೇಳಲ್ಲ. ರಾತ್ರಿಯಿಡೀ ನಿದ್ದೆಗೆಟ್ಟವಳು ಅವಳು, ಸರಿಯಾಗಿ ಅಳೆಯದೆ ಇದ್ದೋಳು ನಾನು. ಮೂರನೇ ವಾರ ಮೆಸೇಜ್ ಬಂತು: "ಮುಂದಿನ ವರ್ಷ ಅಳೆಯೋವಾಗ ನಾನೂ ಪಕ್ಕದಲ್ಲಿ ಇರ್ತೀನಿ."

ಈಗ ರೇಡಿಯೋ ಮೇಲೆ ಒಂದು ಚೀಟಿ ಅಂಟಿಸಿದ್ದೀನಿ: ಯಾವ ಬ್ಯಾಂಡು, ಬ್ಯಾಟರಿ ಎಷ್ಟು ವೋಲ್ಟು, ಪವರ್ ಎಷ್ಟು. ಡಮ್ಮಿ ಲೋಡನ್ನ ಒಂದು ಶನಿವಾರ ಕನ್ನಡ ಶಾಲೆಗೆ ತರ್ತೀನಿ, ಬಂದು ನೋಡಿ. ಕೀಲಿ ಒತ್ತಿದ ಮೇಲೆ ಮಾತ್ರ ಮುಟ್ಟಬೇಡಿ, ಬಿಸಿ ಇರುತ್ತೆ.