ನೆರೆ ಇಳಿದ ಮೇಲಿನ ಕೆಸರು



ನೆರೆಯ ವಾರ್ತೆ ಬಂದೊಡನೆ ನೀರು ಎಷ್ಟು ಅಡಿ ಏರಿತೆಂದು ವಿಚಾರಿಸುತ್ತೇವೆ. ಇಳಿದ ಮೇಲೆ ಏನನ್ನು ಬಿಟ್ಟು ಹೋಯಿತೆಂದು ಕೇಳುವವರು ವಿರಳ. 2024ರ ಜುಲೈ ಕೊನೆ ಹಾಗೂ ಆಗಸ್ಟ್ ಆರಂಭದಲ್ಲಿ, 124.80 ಅಡಿಯ ಕೃಷ್ಣರಾಜಸಾಗರ ತುಂಬಿ, ಲಕ್ಷ ಕ್ಯೂಸೆಕ್ಕಿಗೂ ಮಿಗಿಲಾದ ನೀರು ಹೊರಬಿದ್ದಾಗ ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲುಗಳು ಮುಳುಗಿದುವು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಬೇಸಗೆಯಲ್ಲಿ ಮೋರಿಯ ಹರಿವು ಅಲ್ಪವಷ್ಟೆ. ವೇಗ ಸಾಲದೆ ಮರಳು, ಬೂದಿ, ಮಲಾಂಶಗಳು ತಳದಲ್ಲಿ ಪದರಪದರವಾಗಿ ಕೂರುತ್ತವೆ. ಅಡುಗೆಯ ಜಿಡ್ಡು ಅವನ್ನು ಬೆಸೆಯುತ್ತದೆ. ತಿಂಗಳುಗಟ್ಟಲೆ ಕೂಡಿದ ಈ ಹೂಳನ್ನು ಒಂದು ಜಡಿಮಳೆಯ ರಭಸವು ಗಳಿಗೆಯೊಳಗೆ ಕಿತ್ತೆಬ್ಬಿಸಬಲ್ಲುದು. ಅದೇ ವೇಳೆಗೆ ಹೊಳೆಯೂ ಏರಿ ಮೋರಿಯ ಬಾಯಿ ಮುಚ್ಚಿದರೆ, ಮುಂದೆ ಹೋಗಲಾರದ ನೀರು ಹಿಮ್ಮೆಟ್ಟಿ ಮ್ಯಾನ್‌ಹೋಲಿನ ಮುಚ್ಚಳವನ್ನೆತ್ತಿ ಬೀದಿಗೆ ನುಗ್ಗುತ್ತದೆ. ಮರಳು ಭಾರವಾದುದರಿಂದ ಗುಂಡಿಯ ಸುತ್ತಲೇ ನಿಲ್ಲುವುದು. ಹಿಟ್ಟಿನಂತಹ ನವುರಾದ ಕೆಸರಾದರೋ ನೀರಿನೊಡನೆ ಬಹುದೂರ ಸಾಗಿ, ನೀರು ನಿಶ್ಚಲವಾದೆಡೆಯಲ್ಲಿ ಇಳಿಯುತ್ತದೆ. ನೀರು ನಿಶ್ಚಲವಾಗುವುದೆಲ್ಲಿ? ನಮ್ಮ ನಡುಮನೆಯಲ್ಲಿ, ಅಡುಗೆಮನೆಯ ಮೂಲೆಯಲ್ಲಿ, ನೆಲದೊಳಗಿನ ನೀರುತೊಟ್ಟಿಯಲ್ಲಿ! ರೋಗಾಣುಗಳೂ ಲೋಹಾಂಶಗಳೂ ಹೆಚ್ಚಾಗಿ ಅಂಟಿರುವುದು ಈ ನವುರು ಕೆಸರಿಗೇ.

ಇದು ಒಂದು ಊರಿನ ಮಾತಲ್ಲ. ಲೋಕಪಾವನಿಯು ನಾಗಮಂಗಲದ ಸೀಮೆಯಲ್ಲಿ ಹುಟ್ಟಿ, ಪಾಂಡವಪುರದ ನೆಲವನ್ನು ಹಾಯ್ದು, ಕರಿಘಟ್ಟದ ಬಳಿ ಕಾವೇರಿಯನ್ನು ಕೂಡುತ್ತಾಳೆ. ಕೃಷ್ಣರಾಜಪೇಟೆಯ ಸೀಮೆಯಿಂದ ಬರುವ ಹೇಮಾವತಿಯೂ ಕೃಷ್ಣರಾಜಸಾಗರಕ್ಕೇ ಸೇರುವಳು. ಮೇಲಿನ ಊರಿನವರು ಚರಂಡಿಗೆ ಸುರಿದುದು ಮಳೆಗಾಲದಲ್ಲಿ ಕೆಳಗಿನವರ ಕಡೆಗೇ ಸಾಗುತ್ತದೆ. ತೀರ್ಥವೆಂದು ಬೊಗಸೆಯೊಡ್ಡುವ ನಾವೇ ಚರಂಡಿಗೆ ಜಿಡ್ಡನ್ನೂ ಪ್ಲಾಸ್ಟಿಕ್ಕನ್ನೂ ಎಸೆಯುತ್ತೇವೆಂಬುದು ನನಗೆ ಸಹಿಸಲಾಗದ ವಿಚಿತ್ರ.

ನೆರೆ ಇಳಿದೊಡನೆ ನಮ್ಮ ಜನ ಮಾಡುವುದಾದರೂ ಏನು? ಕೆಸರನ್ನು ನೀರು ಹೊಯ್ದು ಮರಳಿ ಅದೇ ಚರಂಡಿಗೆ ತಳ್ಳುವುದು. ಮುಂದಿನ ಮಳೆಗೆ ಅದು ತಿರುಗಿ ಬರುವುದು. ಇನ್ನು ಕೆಲವರು ಒಣಗಲಿ ಎಂದು ಬಿಟ್ಟು ಬಳಿಕ ಪೊರಕೆಯಾಡಿಸುತ್ತಾರೆ. ಆಗ ಧೂಳು ಮಕ್ಕಳ ಉಸಿರಿಗೆ ಸೇರುತ್ತದೆ. ಹಸಿಯಿರುವಾಗಲೇ ಸಲಿಕೆಯಿಂದ ಬಾಚಿ ಚರಂಡಿಯಿಂದ ದೂರವಿರಿಸಿ, ಅನಂತರ ನೆಲವನ್ನು ತೊಳೆದು ಬ್ಲೀಚಿಂಗ್ ಪುಡಿಯ ನೀರು ಹಾಕುವುದು ಲೇಸು. ಕೈಗೆ ಗವಸು, ಕಾಲಿಗೆ ಬೂಟು ಇರಲಿ.

ಇನ್ನೊಂದು ಮಾತು, ಇದನ್ನು ದಯಮಾಡಿ ಮರೆಯದಿರಿ. ಕಲಕಿದ ಹೂಳಿನಿಂದೇಳುವ ವಿಷಾನಿಲವು ಗುಂಡಿಗಿಳಿದವನನ್ನು ಕ್ಷಣದಲ್ಲಿ ಕೊಲ್ಲಬಲ್ಲುದು. ರಕ್ಷಣಾಸಾಧನಗಳಿಲ್ಲದೆ ಮನುಷ್ಯನನ್ನು ಅಲ್ಲಿಗಿಳಿಸುವುದು 2013ರ ಕಾಯಿದೆಯಂತೆ ಅಪರಾಧ. ನಿಮ್ಮ ಬೀದಿಯ ಮೋರಿ ಕಟ್ಟಿಕೊಂಡಾಗ ನೂರು ರೂಪಾಯಿಯ ಆಸೆ ತೋರಿಸಿ ಯಾರನ್ನೂ ಇಳಿಸಬೇಡಿ. ಪುರಸಭೆಯ ಯಂತ್ರ ಬರುವವರೆಗೆ ಕಾಯಿರಿ.