ಹಲಗೆಯ ತೂತಿನಿಂದ ಕಂಡದ್ದು

ಜೋರಾಗಿ ಉಸಿರೆಳೆದರೆ ಸಿಮೆಂಟಿನ ದೂಳು ಗಂಟಲಿಗಿಳಿಯುತ್ತದೆ. ಕೆಮ್ಮಿದರೆ ಸತ್ತಿರಿ. ಅದಕ್ಕೇ ಬೆಳಗಿನ ಆರು ಗಂಟೆಯಿಂದ ಮೂಗಿನ ತುದಿಯಲ್ಲೇ ಉಸಿರಾಡುತ್ತಿದ್ದೀರಿ. ಸ್ಟೇಷನ್ ಗುಡಿಸುವವನ ವೇಷದಲ್ಲಿ ಬಂದ ನಿಮ್ಮನ್ನು ಗೆಳೆಯರು ಈ ಉಗ್ರಾಣದೊಳಗೆ ನೂಕಿ ಬಾಗಿಲೆಳೆದುಕೊಂಡು ಹೋಗಿದ್ದಾರೆ. ಹೊರಗೆ ಬೂಟಿನ ಸದ್ದು. ಗೋಡೆಯ ಹಲಗೆಯಲ್ಲೊಂದು ತೂತು. ಎದೆಗೆ ಒತ್ತಿಕೊಂಡಂತೆ ಕ್ಯಾಮೆರಾ.

ನೀವು ಹೆನ್ರಿಕ್ ರಾಸ್. ಪೋಲೆಂಡಿನ ಲೋಡ್ಜ್ ನಗರದ ಯಹೂದಿ. ಯುದ್ಧಕ್ಕೆ ಮುಂಚೆ ಪತ್ರಿಕೆಗಳಿಗೆ ಆಟೋಟದ ಫೋಟೊ ತೆಗೆಯುತ್ತಿದ್ದಿರಿ. 1940ರಲ್ಲಿ ನಾಜಿಗಳು ಒಂದೂವರೆ ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ತಂತಿಬೇಲಿಯ ಘೆಟ್ಟೊದೊಳಗೆ ಕೂಡಿಹಾಕಿದರು. ಅಲ್ಲಿನ ಅಂಕಿಅಂಶ ಇಲಾಖೆಯಲ್ಲಿ ನಿಮಗೊಂದು ನೌಕರಿ ಸಿಕ್ಕಿತು: ಗುರುತಿನ ಚೀಟಿಗೆ ಮುಖಗಳನ್ನು ಹಿಡಿಯುವುದು. ರೀಲು ಎಣಿಸಿ ಕೊಡುತ್ತಾರೆ. ಹಾಗಾಗಿ ನೀವು 12 ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ ಒಂದೇ ನೆಗೆಟಿವ್‌ನಲ್ಲಿ ಮುಗಿಸುತ್ತೀರಿ. ಮಿಕ್ಕ ರೀಲು ನಿಮ್ಮ ಕಳ್ಳಗಂಟು. ಬೀದಿಯಲ್ಲಿ ಹೆಂಡತಿ ಸ್ಟೆಫಾನಿಯಾ ಆಚೀಚೆ ಕಣ್ಣಿಟ್ಟು ಕಾಯುತ್ತಾಳೆ. ನೀವು ಕ್ಯಾಮೆರಾ ಅಡಗಿಸಿದ ಕೋಟನ್ನು ಒಂದಿಷ್ಟೇ ತೆರೆಯುತ್ತೀರಿ, ಗುಂಡಿ ಒತ್ತುತ್ತೀರಿ, ಮುಚ್ಚುತ್ತೀರಿ. 1942ರ ಸೆಪ್ಟೆಂಬರಿನಲ್ಲಿ ಹತ್ತು ವರ್ಷದೊಳಗಿನ ಮಕ್ಕಳು, ಮುದುಕರು, ಕಾಯಿಲೆಯವರು, ಎಲ್ಲ ಸೇರಿ 15 ಸಾವಿರಕ್ಕೂ ಹೆಚ್ಚು ಜನರನ್ನು ಕೊಲ್ಲಲು ಒಯ್ದಾಗಲೂ ನಿಮ್ಮ ಕೋಟು ತೆರೆದಿತ್ತು.

ಆದರೆ ಘೆಟ್ಟೊದ ಜನರನ್ನು ರೈಲು ಹತ್ತಿಸುವ ಈ ರಾಡೆಗಾಸ್ಟ್ ಸ್ಟೇಷನ್ನಿನ ಒಳಗನ್ನು ಈವರೆಗೆ ಹಿಡಿದಿರಲಿಲ್ಲ. ಇವತ್ತಿನ ರೈಲು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ.

ಹೆಜ್ಜೆಗಳು ಬರುತ್ತವೆ. ಸಾಲುಸಾಲು, ಎಳೆದ ಕಾಲುಗಳು, ಗಂಟುಮೂಟೆ. ಯಾರೋ ಚೀರುತ್ತಾರೆ. ಹೊಡೆತದ ಸದ್ದು. ಹತ್ತಲೊಲ್ಲದವನ ಮೇಲೆ ಗುಂಡು. ನೀವು ತೂತಿಗೆ ಲೆನ್ಸ್ ಒತ್ತುತ್ತೀರಿ. ಕೈ ನಡುಗುತ್ತದೆ. ಈಗಲೇ? ಶಟರ್ ಸದ್ದು ಕೇಳಿಸೀತೆ? ಇನ್ನೊಂದು ಚೀರಾಟಕ್ಕೆ ಕಾಯಬೇಕು, ಅದರ ಮರೆಯಲ್ಲಿ ಒತ್ತಬೇಕು. ಅಂದರೆ ಯಾರೋ ಚೀರಲಿ ಎಂದು ಕಾಯುತ್ತಿದ್ದೀರಿ. ಒತ್ತಿದಿರಿ. ಮತ್ತೊಂದು. ನಾಲಗೆ ಒಣಗಿ ಅಂಗುಳಿಗೆ ಅಂಟಿದೆ. ಅವರಲ್ಲಿ ಪರಿಚಯದವರೂ ಇರಬಹುದು. ಬಾಗಿಲು ಬಡಿದರೆ ಅವರು ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ, ಕ್ಯಾಮೆರಾದೊಳಗಿನದೂ ಉಳಿಯುವುದಿಲ್ಲ. ಸುಮ್ಮನಿರುತ್ತೀರಿ. ಸಂಜೆ ಏಳಕ್ಕೆ ಬಾಗಿಲು ತೆರೆದಾಗ ಪ್ಲಾಟ್‌ಫಾರ್ಮ್ ಖಾಲಿ.

1944ರಲ್ಲಿ ಘೆಟ್ಟೊ ಬರಿದಾಗುತ್ತದೆ. ಕಸ ಬಳಿಯಲೆಂದು ಉಳಿಸಿಕೊಂಡ ಕೆಲವು ನೂರು ಮಂದಿಯಲ್ಲಿ ನೀವಿಬ್ಬರೂ ಇದ್ದೀರಿ. ಸುಮಾರು 6,000 ನೆಗೆಟಿವ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ನೆಲದಲ್ಲಿ ಹೂಳುತ್ತೀರಿ. ಬದುಕುವ ನಂಬಿಕೆ ನಿಮಗಿಲ್ಲ. ಎಂದಾದರೂ ಯಾರಾದರೂ ಅಗೆದಾರು, ಅಷ್ಟೆ. ಜನವರಿಯಲ್ಲಿ ಸೋವಿಯತ್ ಸೇನೆ ಬರುತ್ತದೆ. 1945ರ ಮಾರ್ಚಿನಲ್ಲಿ ಗುದ್ದಲಿ ಹಿಡಿದವರು ನೀವೇ. ಪೆಟ್ಟಿಗೆಗೆ ನೀರು ನುಗ್ಗಿದೆ, ಎಷ್ಟೋ ನೆಗೆಟಿವ್ ಕೊಳೆತು ಮುಖಗಳು ಕರಗಿವೆ. ಅರ್ಧದಷ್ಟು ಉಳಿದಿವೆ.

ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. 1961, ಜೆರುಸಲೇಮ್. ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ನಾಜಿ ಅಧಿಕಾರಿ ಐಕ್‌ಮನ್ ವಿಚಾರಣೆಗೆಂದು ಗಾಜಿನ ಗೂಡಿನಲ್ಲಿ ಕೂತಿದ್ದಾನೆ. ತೂತಿನಿಂದ ತೆಗೆದ ಮಸುಕು ಚಿತ್ರ ತಾನಾಗಿ ಏನು ಹೇಳೀತು? ಉಗ್ರಾಣವನ್ನು, ಬೆಳಗಿನ ಆರರಿಂದ ಸಂಜೆ ಏಳರವರೆಗಿನ ಆ ಹೊತ್ತನ್ನು, ಕೇಳಿಸಿದ ಕೂಗನ್ನು ನ್ಯಾಯಾಲಯದಲ್ಲಿ ನಿಂತು ನೀವೇ ಬಾಯಿಬಿಟ್ಟು ಹೇಳಬೇಕು. ಹೇಳುತ್ತೀರಿ. ಚಿತ್ರಗಳು ಸಾಕ್ಷ್ಯಗಳಾಗುತ್ತವೆ.

ಇಲ್ಲಿ ರಾಸ್‌ರ ಕೋಟನ್ನು ಕಳಚಿಡಿ, ಒಂದು ಮಾತಿದೆ. ಆ ಪೆಟ್ಟಿಗೆಯಲ್ಲಿದ್ದದ್ದು ಬರೀ ಹೆಣವಲ್ಲ. ಮುತ್ತಿಡುವ ಜೋಡಿಯಿದೆ, ಮದುವೆಯಿದೆ, ತುಂಬಿದ ಮೇಜಿನ ಸುತ್ತ ನಗುವ ಘೆಟ್ಟೊದ ಉಳ್ಳವರಿದ್ದಾರೆ, ಘೆಟ್ಟೊ ಪೊಲೀಸನ ವೇಷ ತೊಟ್ಟು ಆಡುವ ಪುಟ್ಟ ಹುಡುಗನಿದ್ದಾನೆ. ಹಸಿವಿನ ಊರಲ್ಲಿ ಈ ನಗು ನೋಡುವವರಿಗೆ ಮುಜುಗರ ತರುತ್ತದೆ, ನಿಜ. ಇಂಥ ಚಿತ್ರಗಳಲ್ಲಿ ಹೆಚ್ಚಿನವು ದಶಕಗಳ ಕಾಲ ಬೆಳಕು ಕಾಣಲೇ ಇಲ್ಲ. ನನಗನ್ನಿಸುವಂತೆ, ಆ ಜನ ಸಾಯುವುದಕ್ಕೆ ಮುಂಚೆ ಬದುಕಿದ್ದರು ಎಂಬುದಕ್ಕೆ ಸಾಕ್ಷಿ ಇವೇ. ಹೂಳುವಾಗ ರಾಸ್ ಇವನ್ನು ಬೇರ್ಪಡಿಸಲಿಲ್ಲ. ನೆಗೆಟಿವ್‌ಗಳು ಈಗ ಟೊರಾಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿವೆ. ಎಂದಾದರೂ ನೋಡುವುದಾದರೆ, ಮುತ್ತಿನ ಚಿತ್ರವನ್ನು ದಾಟಿಕೊಂಡು ಹೋಗಬೇಡಿ.